ಪಿಚ್ಚರ್‌ನಲ್ಲಿ ಇಲ್ಲದ ಗೆಳತಿ

ಹೊಂಗನೂರಿನ ಅಂಗನವಾಡಿಗೆ ಹೊಸದಾಗಿ ಸೇರುವ ಮಕ್ಕಳು ಅಷ್ಟಾಗಿ ಅಳುವುದಿಲ್ಲ. ಟೀಚರು ತಮಗಿಂತ ಒಂದು ಗೇಣು ಎತ್ತರ ಇದ್ದರೆ ಹೆಚ್ಚು. ಹಾಗಾಗಿ ಹೆದರುವುದಕ್ಕೆ ಅವಕ್ಕೆ ಕಾರಣವೇ ಸಿಗುವುದಿಲ್ಲ. ಅವೇ ಮಕ್ಕಳು ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಸೇರಿದ ಮೇಲೆ ಯಾವತ್ತೋ ಒಂದು ದಿನ ಓಡಿ ಬಂದು, ಟೀಚರ ಪಕ್ಕ ನೆಟ್ಟಗೆ ನಿಂತು, ಅಂಗೈಯನ್ನು ತಮ್ಮ ತಲೆಯಿಂದ ಅವಳ ತಲೆಗೆ ಆಡಿಸಿ ನೋಡಿ, "ಮಿಸ್, ನಾನು ನಿಮ್ಗಿಂತ ಉದ್ದ ಆಗ್ಬುಟ್ಟೆ!" ಎಂದು ಕೂಗುತ್ತವೆ.

"ಆಗು ಬುಡಪ್ಪ. ಚೆನ್ನಾಗಿ ಉಣ್ಣು," ಎನ್ನುತ್ತಾಳೆ ಭಾನುಪ್ರಿಯ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಮಾತು ಚುಚ್ಚುತ್ತಿತ್ತು. ಈಗ ಚುಚ್ಚುವುದಿಲ್ಲ. ಈಗ ಬರೀ ಸುಸ್ತು.

ಅವಳಿಗೆ ಮೂವತ್ತನಾಲ್ಕು ವರ್ಷ. ಬೆಳಿಗ್ಗೆ ಕೋಲಿನಿಂದ ಮೇಲಿನ ಚಿಲಕ ತೆಗೆದು ಬಾಗಿಲು ತೆರೆದರೆ ಸಂಜೆಯವರೆಗೂ ಏಳುವುದು ಕೂರುವುದೇ ಕೆಲಸ. ತಿಂಗಳಿಗೊಮ್ಮೆ ಮಕ್ಕಳ ತೂಕ, ಎತ್ತರ ಅಳೆದು ಫೋನಿಗೆ ಏರಿಸಬೇಕು. ಗೋಡೆಗೆ ಹೊಡೆದಿರುವ ಅಳತೆಪಟ್ಟಿಯ ಮುಂದೆ ಮಗುವನ್ನು ನಿಲ್ಲಿಸಿ, ತಾನು ಸ್ಟೂಲ್ ಹತ್ತಿ, ಅದರ ತಲೆಯ ಮೇಲೆ ಹಲಗೆ ಇಳಿಸಿ ಓದುವಷ್ಟರಲ್ಲಿ ಮಗು ಕುಂತುಬಿಟ್ಟಿರುತ್ತದೆ. ಮತ್ತೆ ಇಳಿಯಬೇಕು, ಮತ್ತೆ ಹತ್ತಬೇಕು. ಸೊಂಟದ ನೋವು ಹುಟ್ಟಿನಿಂದಲೇ ಜೊತೆಯಲ್ಲಿದೆ. ಮಂಡಿ ನೋವು ಈಚೆಗೆ ಸೇರಿಕೊಂಡಿದೆ.

ಊರಲ್ಲಿ ಅವಳನ್ನು ಭಾನುಪ್ರಿಯ ಎನ್ನುವವರು ಕಡಿಮೆ. ಎಲ್ಲರಿಗೂ ಅವಳು ಪುಟ್ಟಿ, ಪುಟ್ಟಿ ಮಿಸ್. ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ. ಪಿಚ್ಚರ್‌ನವರು ಇಟ್ಟದ್ದು.

ಅಪ್ಪ ಬೋರಲಿಂಗಯ್ಯ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಮೇಯಿಸುತ್ತಿದ್ದ. ಮಗಳ ಕೈಕಾಲು ಉದ್ದ ಬರುತ್ತಿಲ್ಲ ಎಂದು ಗೊತ್ತಾದಾಗ ಅವಳಿಗೆ ಮೂರು ವರ್ಷ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸರೆ ನೋಡಿ, ಮೂಳೆ ಬೆಳೆಯುವುದೇ ಹೀಗೆ, ಬುದ್ಧಿಗೆ ಏನೂ ತೊಂದರೆಯಿಲ್ಲ, ಇದಕ್ಕೆ ಔಷಧಿ ಹುಡುಕಿಕೊಂಡು ಅಲೆಯಬೇಡಿ ಎಂದರು. ಬೋರಲಿಂಗಯ್ಯ ಆದರೂ ಒಂದಷ್ಟು ದಿನ ಅಲೆದ. ಅಮ್ಮ ಕೆಂಚಮ್ಮ ಅಲೆಯಲಿಲ್ಲ. "ಬುದ್ಧಿ ಐತೆ ಅಂದವ್ರಲ್ಲ, ಓದ್ಸನ ಬುಡು," ಎಂದಳು. ಹಾಗೆ ಐದನೇ ಕ್ಲಾಸಿಗೆ ಭಾನು ಬಸ್ಸು ಹತ್ತಿ ಚನ್ನಪಟ್ಟಣದ ಸ್ಕೂಲಿಗೆ ಹೋಗತೊಡಗಿದಳು.

ಓದು ಕಷ್ಟವಾಗಲಿಲ್ಲ. ಬಸ್ಸು ಹತ್ತುವುದೇ ಕಷ್ಟವಾಗಿತ್ತು. ಮೆಟ್ಟಿಲು ಅವಳ ಸೊಂಟದವರೆಗೆ ಬರುತ್ತಿತ್ತು. ಊರಿನಲ್ಲಿ ಅಪ್ಪ ಎತ್ತಿ ಒಳಗೆ ಬಿಡುತ್ತಿದ್ದ. ಸಂಜೆ ಚನ್ನಪಟ್ಟಣದಲ್ಲಿ ಹತ್ತುವಾಗ ಯಾರೋ ಗುರುತಿಲ್ಲದ ಗಂಡಸು ಹಿಂದಿನಿಂದ ಬಂದು, ಕಂಕುಳಿಗೆ ಕೈ ಹಾಕಿ, ಕೂಸನ್ನು ಎತ್ತುವ ಹಾಗೆ ಎತ್ತಿ ಇಡುತ್ತಿದ್ದ. ಸಹಾಯ ಮಾಡಿದೆ ಎಂದು ನಗುತ್ತಿದ್ದ. ಭಾನು ಮನೆಗೆ ಬಂದು ಕಂಕುಳು ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದಳು.

ಅದನ್ನು ನಿಲ್ಲಿಸಿದವಳು ಸುಹಾನಾ. ಅದೇ ಕ್ಲಾಸಿನವಳು; ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಬೊಂಬೆ ಕಡೆಯುವ ನಜೀರ್ ಸಾಬರ ಮಗಳು. ಜಡೆ ಯಾವಾಗಲೂ ಬಿಚ್ಚಿಹೋಗಿರುತ್ತಿತ್ತು, ಬಾಯಿ ಯಾವಾಗಲೂ ನಡೆಯುತ್ತಿರುತ್ತಿತ್ತು. ಒಂದು ಸಂಜೆ ಯಾರೋ ಭಾನುವನ್ನು ಎತ್ತಲು ಬಂದಾಗ ಸುಹಾನಾ ನಡುವೆ ನುಗ್ಗಿ, "ಏಯ್, ಕೈ ತಗೀರಿ. ಅವ್ಳಿಗೆ ಕಾಲಿಲ್ವಾ?" ಎಂದು ಜೋರು ಮಾಡಿದಳು. ಆಮೇಲೆ ತಾನು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೆ ಊರಿ, ಮಂಡಿ ಮಡಚಿ ಗಟ್ಟಿಯಾಗಿ ನಿಂತಳು. "ನನ್ನ ಹಿಡ್ಕಂಡು ನೀನೇ ಹತ್ತು. ನಾನು ಎಳಿಯಲ್ಲ. ನಾನು ಕಂಬ." ಭಾನು ಅವಳ ಮಂಡಿ ಹಿಡಿದು, ಆಮೇಲೆ ಸೊಂಟ ಹಿಡಿದು, ತನ್ನ ಬಲದಿಂದಲೇ ಮೇಲೆ ಹತ್ತಿದಳು. ಕಂಡಕ್ಟರು ಅವಸರ ಮಾಡಿದರೆ ಸುಹಾನಾ ಅವನನ್ನೂ ಬಿಡುತ್ತಿರಲಿಲ್ಲ.

ಅಂದಿನಿಂದ ಇಬ್ಬರೂ ಸ್ಕೂಲು ಬಿಟ್ಟ ಮೇಲೆ ಬಸ್ಸಿನ ಹೊತ್ತಾಗುವವರೆಗೂ ನಜೀರರ ಅಂಗಡಿಯಲ್ಲಿ ಕೂರುತ್ತಿದ್ದರು. ತಿರುಗುವ ಕಟ್ಟಿಗೆಗೆ ಅರಗು ಒತ್ತಿದಾಗ ಬಿಸಿ ವಾಸನೆ ಏಳುತ್ತಿತ್ತು, ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಬಂದು ಇಬ್ಬರ ತಲೆಗೂ ಬೀಳುತ್ತಿತ್ತು. ಸುಹಾನಾಳ ಅಮ್ಮ ಜೈನಬ್ ಚಹಾ ಕಳಿಸುತ್ತಿದ್ದಳು. ಭಾನು ಲೆಕ್ಕ ಹೇಳಿಕೊಡುತ್ತಿದ್ದಳು, ಸುಹಾನಾ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ರಜೆಯಲ್ಲಿ ಒಂದೆರಡು ಸಲ ಅವಳೂ ಹೊಂಗನೂರಿಗೆ ಬಂದು ಕೆಂಚಮ್ಮನ ಸೊಪ್ಪಿನ ಸಾರು ಉಂಡು ಹೋಗಿದ್ದಳು. ಅವರಿಬ್ಬರ ಗೆಳೆತನ ಎಂದರೆ ಇಷ್ಟೇ. ಎರಡು ವರ್ಷ ನಡೆಯಿತು.

ಏಳನೇ ಕ್ಲಾಸಿನಲ್ಲಿದ್ದಾಗ ಅನಂತರಾಜು ಎಂಬ ನಿರ್ದೇಶಕರು ಬಂದರು. ಕುಳ್ಳ ಹುಡುಗಿಯೊಬ್ಬಳ ಗೆಳೆತನದ ಕತೆಯನ್ನು ಮಕ್ಕಳ ಪಿಚ್ಚರ್ ಮಾಡಬೇಕೆಂದು ಅವರಿಗೆ ಬಹಳ ದಿನದ ಆಸೆ. ಯಾರೋ ಹೇಳಿ ಭಾನುವನ್ನು ಹುಡುಕಿಕೊಂಡು ಹೊಂಗನೂರಿಗೇ ಬಂದಿದ್ದರು. ಜಗಲಿಯ ಮೇಲೆ ಕೂತು, ಕೆಂಚಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತ, "ನಿನಗೆ ಗೆಳತಿಯರು ಇದ್ದಾರೇನಮ್ಮಾ?" ಎಂದು ಕೇಳಿದರು. ಭಾನು ಸುಹಾನಾಳ ಬಗ್ಗೆ ಹೇಳಿದಳು. ಬಸ್ಸಿನ ಮೆಟ್ಟಿಲು, ಕಂಡಕ್ಟರ್ ಜೊತೆಗಿನ ಜಗಳ, ಲೆಕ್ಕದ ಪಾಠ, ತಲೆಗೆ ಬೀಳುವ ಮರದ ಸಿಪ್ಪೆ, ಎಲ್ಲವನ್ನೂ. ಅನಂತರಾಜು ಒಂದನ್ನೂ ಬಿಡದೆ ಕೇಳಿಸಿಕೊಂಡರು. ಅದೆಲ್ಲವೂ ಪಿಚ್ಚರ್‌ನಲ್ಲಿ ಬಂತು.

ಸುಹಾನಾ ಮಾತ್ರ ಬರಲಿಲ್ಲ. ಗೆಳತಿಯ ಪಾತ್ರಕ್ಕೆ ಬೆಂಗಳೂರಿನ ಹುಡುಗಿಯೊಬ್ಬಳನ್ನು ಮೊದಲೇ ಗೊತ್ತುಮಾಡಿದ್ದರು. ಬೆಳ್ಳಗೆ, ನೀಟಾಗಿ, ಎರಡು ಜಡೆಯಲ್ಲಿ ಚೆಂದವಾಗಿದ್ದಳು. ಒಳ್ಳೆಯ ಹುಡುಗಿಯೇ. ಬಸ್ ಸ್ಟ್ಯಾಂಡಿನ ದೃಶ್ಯ ತೆಗೆಯುವ ದಿನ ಅವಳು ಬಸ್ಸಿನೊಳಗೆ ನಿಂತು ಭಾನುವಿನ ಕೈ ಹಿಡಿದು ಎಳೆದಳು. ಭಾನುವಿನ ತೋಳು ಉಳುಕಿ ಕಣ್ಣಲ್ಲಿ ನೀರು ಬಂತು. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ನಿಂತಿದ್ದ ಸುಹಾನಾ ತಡೆಯಲಾರದೆ ಕೂಗಿದಳು, "ಹಂಗಲ್ಲ! ಎಳೀಬಾರ್ದು!"

ಅನಂತರಾಜು ಅವಳನ್ನು ಒಳಗೆ ಕರೆದು ತೋರಿಸು ಎಂದರು. ಸುಹಾನಾ ಮಂಡಿ ಮಡಚಿ ನಿಂತು ತೋರಿಸಿದಳು; ಭಾನು ಹತ್ತಿದಳು. ಕ್ಯಾಮೆರಾದವನು ತಲೆಯಾಡಿಸಿ, ಹಾಗೆ ನಿಂತರೆ ಮುಖವೇ ಕಾಣುವುದಿಲ್ಲ ಸಾರ್, ಕೈ ಹಿಡಿದು ಎಳೆದರೇ ಚೆಂದ ಎಂದ. ಯಾರೋ ಸುಹಾನಾಳ ಭುಜ ಮುಟ್ಟಿ, "ಹೋಗಮ್ಮಾ, ಹಗ್ಗದ ಹಿಂದೆ ಹೋಗು," ಎಂದರು. ಎಳೆಯುವ ದೃಶ್ಯವನ್ನು ಮತ್ತೆ ಮತ್ತೆ ತೆಗೆದರು. ಭಾನು ತಿರುಗಿ ನೋಡುವ ಹೊತ್ತಿಗೆ ಹಗ್ಗದ ಹಿಂದೆ ಬೇರೆ ಜನ ನಿಂತಿದ್ದರು.

ಮಾರನೆಯ ದಿನ ಸುಹಾನಾ ಸ್ಕೂಲಿಗೆ ಬರಲಿಲ್ಲ. ಆ ವಾರವೂ ಬರಲಿಲ್ಲ. ಭಾನು ಶೂಟಿಂಗಿನಲ್ಲಿದ್ದಳು, ಕಾರು ಬಂದು ಕರೆದುಕೊಂಡು ಹೋಗುತ್ತಿತ್ತು, ಬಸ್ಸಿನ ಕಡೆಗೆ ಹೋಗುವ ಅಗತ್ಯವೇ ಇರಲಿಲ್ಲ. ಗೆಳತಿಗೆ ಕೋಪ ಬಂದಿದೆ, ತಾನಾಗಿಯೇ ಬರುತ್ತಾಳೆ ಎಂದುಕೊಂಡಳು. ಆಮೇಲೆ, ಹೋಗಿ ಮಾತಾಡಿಸಿದರೆ ಬೈದರೆ ಏನು ಮಾಡುವುದು ಎಂದುಕೊಂಡಳು. ಹನ್ನೆರಡು ವರ್ಷದ ಹುಡುಗಿ. ಹೀಗೆಯೇ ದಿನ ಕಳೆದು, ಸುಹಾನಾ ಸ್ಕೂಲು ಬಿಟ್ಟಳಂತೆ ಎಂಬ ಸುದ್ದಿ ಬಂತು.

ಪಿಚ್ಚರ್‌ಗೆ ಬಹುಮಾನ ಬಂತು. ಸ್ಕೂಲು ಸ್ಕೂಲುಗಳಲ್ಲಿ ತೋರಿಸಿದರು. ಮಾಗಡಿ, ಕನಕಪುರ, ವಿರೂಪಾಕ್ಷಿಪುರ ಎಂದು ಭಾನುವನ್ನು ಕರೆಸಿ ಶಾಲು ಹೊದಿಸಿದರು. ಪಾತ್ರದ ಹೆಸರು ಪುಟ್ಟಿ, ಅದೇ ಅಂಟಿಕೊಂಡಿತು. ಎಲ್ಲಿ ಹೋದರೂ ಜನ ಕೇಳುತ್ತಿದ್ದುದು ಒಂದೇ: "ನಿನ್ ಫ್ರೆಂಡ್ ಎಲ್ಲಮ್ಮಾ ಪುಟ್ಟಿ?" ಅವರು ಕೇಳುತ್ತಿದ್ದುದು ಬೆಂಗಳೂರಿನ ಹುಡುಗಿಯ ವಿಚಾರ. ಮೊದಮೊದಲು ಭಾನು ಬಿಡಿಸಿ ಹೇಳಲು ಹೋದಳು. ಆಮೇಲೆ, "ಬೆಂಗ್ಳೂರಲ್ಲವ್ಳೆ," ಎಂದುಬಿಡುವುದೇ ಸುಲಭವಾಯಿತು.

ಇನ್ನೊಂದು ಪಿಚ್ಚರ್ ಯಾರೂ ಮಾಡಲಿಲ್ಲ. ದೊಡ್ಡವಳಾದ ಕುಳ್ಳಿಗೆ ಪಾತ್ರ ಬಂದದ್ದು ನಗಿಸುವುದಕ್ಕೆ ಮಾತ್ರ, ಹೀರೋ ಎತ್ತಿ ಬುಟ್ಟಿಯಲ್ಲಿ ಕೂರಿಸುವ ಪಾತ್ರ. ಬೋರಲಿಂಗಯ್ಯ ಬಂದವರನ್ನು ಹಾಗೆಯೇ ವಾಪಸ್ಸು ಕಳಿಸಿದ. ಭಾನು ಪಿಯುಸಿ ಮುಗಿಸಿ ಅಂಗನವಾಡಿ ಸೇರಿದಳು. ನಜೀರರ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಅವರ ಮನೆಯವರು ಊರು ಬಿಟ್ಟರೆಂದು ಕೇಳಿದಳು. ಅಪ್ಪ ತೀರಿಕೊಂಡ. ಮದುವೆಯ ಮಾತು ಒಂದೆರಡು ಬಂದು, ನೋಡಿಕೊಂಡು ಹೋಗಿ, ಹಾಗೆಯೇ ನಿಂತವು. ಇಷ್ಟರಲ್ಲಿ ವರ್ಷ ಇಪ್ಪತ್ತು ದಾಟಿತ್ತು.

ಹೋದ ಡಿಸೆಂಬರಿನಲ್ಲಿ ಸೂಪರ್‌ವೈಸರ್ ಲತಾಮಣಿ ಮೇಡಂ ಅಂಗನವಾಡಿಗೆ ಬಂದವರು ಮೊಟ್ಟೆಯನ್ನೂ ಎಣಿಸದೆ ನೇರ ವಿಷಯಕ್ಕೆ ಬಂದರು. ರಾಮನಗರದಲ್ಲಿ ಒಂದು ಸಂಘದವರು ಅಂಗವಿಕಲರ ದಿನಾಚರಣೆ ಇಟ್ಟುಕೊಂಡಿದ್ದಾರೆ, ಆ ಹಳೆಯ ಪಿಚ್ಚರ್ ಮತ್ತೆ ಹಾಕುತ್ತಾರೆ, ಅನಂತರಾಜು ಬರುತ್ತಾರೆ, ಈಗ ಟಿವಿಯಲ್ಲಿ ಕಾರ್ಯಕ್ರಮ ನಡೆಸಿಕೊಡುವ ಆ ಗೆಳತಿ ಪಾತ್ರದ ಹುಡುಗಿಯೂ ಬರುತ್ತಾಳೆ.

"ಇಬ್ರೂ ಸ್ಟೇಜ್ ಮೇಲೆ ಸಿಗಬೇಕು ಪುಟ್ಟಿ. ಎಷ್ಟು ಚೆನ್ನಾಗಿರತ್ತೆ!"

"ನಂಗೆ ಆಯ್ತಾ ಇಲ್ಲ ಮೇಡಂ. ಮಂಡಿ ನೋವು."

"ಕಾರು ಕಳಿಸ್ತಾರೆ. ಇಲ್ಲ ಅನ್ಬೇಡಿ, ನಾನು ಆಗ್ಲೇ ಒಪ್ಕೊಂಡಿದ್ದೀನಿ."

ಇಲ್ಲ ಎನ್ನಲು ಬೇಕಾದ ಶಕ್ತಿ ಒಪ್ಪಿಕೊಳ್ಳುವುದಕ್ಕೆ ಬೇಕಾಗಲಿಲ್ಲ. ಭಾನು ಹೋದಳು.

ಹಾಲ್ ತುಂಬಿತ್ತು. ಗಾಲಿಕುರ್ಚಿಯವರು ಮುಂದೆ, ಸ್ಕೂಲು ಮಕ್ಕಳು ಹಿಂದೆ. ಪಿಚ್ಚರ್ ಮುಗಿದಾಗ ಬಹಳ ಜನ ಕಣ್ಣೊರೆಸಿಕೊಂಡರು. ಭಾನು ಪರದೆಯ ಮೇಲಿನ ಹುಡುಗಿಯನ್ನು ಯಾರದೋ ಮನೆಯ ಮಗುವನ್ನು ನೋಡಿದ ಹಾಗೆ ನೋಡಿದಳು. ಆಮೇಲೆ ನಿರೂಪಕ ಇಬ್ಬರನ್ನೂ ವೇದಿಕೆಗೆ ಕರೆದ. ಅಲ್ಲಿ ಬಸ್ಸಿನ ಬಾಗಿಲಿನ ಚಿತ್ರ ಬರೆದ ಹಲಗೆ, ಅದರ ಕೆಳಗೆ ಎರಡು ಎತ್ತರದ ಮರದ ಮೆಟ್ಟಿಲು. ಆ ದೃಶ್ಯವನ್ನು ಮತ್ತೊಮ್ಮೆ ಮಾಡಿ ತೋರಿಸಬೇಕಂತೆ. ಬೆಂಗಳೂರಿನವಳು ಮೇಲೆ ನಿಂತು ಕೈ ಚಾಚಿದಳು. ಜನ ಚಪ್ಪಾಳೆ ಹೊಡೆದರು.

ಭಾನು ಮೆಟ್ಟಿಲನ್ನು ನೋಡಿದಳು. "ನಾನು ಹತ್ತಲ್ಲ. ಮಂಡಿ ನೋಯ್ತದೆ," ಎಂದಳು.

ನಗು ಎದ್ದಿತು. ತಮಾಷೆ ಎಂದುಕೊಂಡಿದ್ದರು. ಅವಳು ಅಲ್ಲಾಡದೆ ನಿಂತದ್ದನ್ನು ನೋಡಿ ನಗು ನಿಂತಿತು. ನಿರೂಪಕ ಗಡಿಬಿಡಿಯಿಂದ ಮೈಕನ್ನು ಅವಳ ಬಾಯಿಗೆ ಹಿಡಿದು, "ಪರವಾಗಿಲ್ಲ, ಪರವಾಗಿಲ್ಲ. ನಿಮ್ಮ ಗೆಳತಿಯ ಬಗ್ಗೆ ಎರಡು ಮಾತು ಹೇಳಿ," ಎಂದ.

ಹೇಳಬೇಕೆಂದು ಬಂದವಳಲ್ಲ ಅವಳು. ಆದರೆ ಬೆಂಗ್ಳೂರಲ್ಲವ್ಳೆ ಎಂಬ ಆ ಹಳೆಯ ಸುಳ್ಳನ್ನು ಇನ್ನೊಂದು ಸಲ ಹೊರುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಇವ್ರು ಒಳ್ಳೇವ್ರು. ಆದ್ರೆ ನನ್ ಗೆಳತಿ ಇವ್ರಲ್ಲ. ನನ್ ಗೆಳತಿ ಸುಹಾನಾ ಅಂತ. ಚನ್ನಪಟ್ಣದಲ್ಲಿ ಬೊಂಬೆ ಮಾಡ್ತಿದ್ದ ನಜೀರ್ ಸಾಬ್ರ ಮಗ್ಳು. ಪಿಚ್ಚರಲ್ಲಿ ಆ ಹುಡ್ಗಿ ಮಾಡೋದೆಲ್ಲ ಅವ್ಳು ಮಾಡಿದ್ದೇ. ನನ್ನ ಎಳೀತಿರ್ಲಿಲ್ಲ, ಅದೊಂದು ಸುಳ್ಳು. ಈಗ ಎಲ್ಲವ್ಳೋ ಗೊತ್ತಿಲ್ಲ. ಯಾರಿಗಾದ್ರೂ ಗೊತ್ತಿದ್ರೆ ಹೇಳಿ."

ಮೈಕು ವಾಪಸ್ಸು ಕೊಟ್ಟು ನಿಧಾನವಾಗಿ ಕೆಳಗಿಳಿದಳು. ಬೆಂಗಳೂರಿನವಳು ಹಿಂದೆಯೇ ಇಳಿದು ಬಂದು, ಮುಖ ಕೆಂಪು ಮಾಡಿಕೊಂಡು, "ನಂಗೆ ಅವತ್ತು ತೋರಿಸಿಕೊಟ್ಟಳಲ್ಲ, ಆ ಹುಡುಗೀನಾ?" ಎಂದು ಕೇಳಿದಳು. ಅವಳಿಗೆ ನೆನಪಿತ್ತು. ಅನಂತರಾಜುಗೆ ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಆ ಮುದುಕರು ಭಾನುವಿನ ಕೈ ಹಿಡಿದುಕೊಂಡು ಪ್ರೀತಿಯಿಂದಲೇ ಕೇಳಿದರು, "ಯಾವ ಸುಹಾನಾ ಮಗೂ? ಅಂಥವಳು ಯಾರೂ ಇರಲಿಲ್ಲವಲ್ಲ." ಭಾನುವಿಗೆ ಸಿಟ್ಟೂ ಬರಲಿಲ್ಲ. "ಇದ್ಲು ಸಾರ್," ಎಂದಷ್ಟೇ ಹೇಳಿದಳು.

ಬಾಗಿಲ ಬಳಿ ಬಿಳಿ ಗಡ್ಡದವನೊಬ್ಬ ಕಾಯುತ್ತಿದ್ದ. ಹೆಸರು ಜಬ್ಬಾರ್. ಕಿವಿ ಕೇಳದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ. "ನಜೀರ್ ಮಗಳು ಸುಹಾನಾ ಅಲ್ವಾಮ್ಮ? ನಮ್ಮ ಫಿಲೇಚರ್‌ನಲ್ಲೇ ರೇಷ್ಮೆ ನೂಲು ಬಿಚ್ಚುತ್ತಾಳೆ. ಇಲ್ಲೇ, ಹತ್ತಿರ. ಬರ್ತೀಯಾ?" ಲತಾಮಣಿ ಊಟಕ್ಕೆ ಕರೆಯುತ್ತಿದ್ದರು; ಅವರ ಮುಖ ಗಂಟಾಗಿತ್ತು. ಭಾನು ಜಬ್ಬಾರನ ಆಟೋ ಹತ್ತಿದಳು.

ತಗಡಿನ ಶೆಡ್ಡಿನೊಳಗೆ ಹಬೆ ತುಂಬಿತ್ತು. ಬೆಂದ ಹುಳುವಿನ ವಾಸನೆ. ರೇಷ್ಮೆ ಮೇಯಿಸುವ ಮನೆಯಲ್ಲೇ ಹುಟ್ಟಿ ಬೆಳೆದಿದ್ದರೂ ಗೂಡಿಗೆ ಆಮೇಲೆ ಏನಾಗುತ್ತದೆ ಎಂದು ಭಾನು ನೋಡಿದ್ದು ಅದೇ ಮೊದಲು. ಸಾಲು ತೊಟ್ಟಿಗಳಲ್ಲಿ ಕುದಿಬಿಸಿ ನೀರು. ಅದರಲ್ಲಿ ತೇಲುವ ಗೂಡುಗಳಿಂದ ಎಳೆ ಹುಡುಕಿ ಚರಕಕ್ಕೆ ಕೊಡುತ್ತಿದ್ದ ಹೆಂಗಸರು. ಕೊನೆಯ ತೊಟ್ಟಿಯವಳು ತಲೆಯೆತ್ತಿದಳು. ಕೂದಲು ಮುಕ್ಕಾಲು ನರೆತಿತ್ತು.

"ಒಸಿ ತಾಳು," ಎಂದಳು ಸುಹಾನಾ. ನಿನ್ನೆ ಬಿಟ್ಟುಹೋದವಳನ್ನು ಮಾತಾಡಿಸಿದ ಹಾಗೆ. "ಎಳೆ ಕಿತ್ತೋಯ್ತದೆ. ಇದಿಷ್ಟು ಮುಗೀಲಿ."

ಮುಗಿಸಿ, ಕೈ ಒರೆಸಿಕೊಂಡು ಹೊರಗೆ ಬಂದಳು. ಶೆಡ್ಡಿನ ನೆರಳಿನಲ್ಲಿ ಇಬ್ಬರೂ ಗೋಣಿಚೀಲದ ಮೇಲೆ ಕೂತರು. ಸುಹಾನಾಳ ಬೆರಳುಗಳು ಬೆಳ್ಳಗೆ ಊದಿಕೊಂಡು, ತುದಿಯಲ್ಲಿ ಸೀಳು ಬಿಟ್ಟಿದ್ದವು.

"ಸ್ಟೇಜ್ ಮೇಲೆ ನನ್ ಹೆಸ್ರು ಹೇಳಿದ್ಯಂತೆ. ಜಬ್ಬಾರ್ ಚಾಚಾ ಫೋನ್ ಮಾಡಿದ್ರು. ಯಾಕೆ ಹೇಳ್ದೆ?"

"ಹೇಳ್ಬೇಕು ಅನ್ನುಸ್ತು."

"ಇಷ್ಟು ವರ್ಷ ಅನ್ನುಸ್ಲಿಲ್ವಾ?"

"ನಿಂಗೆ ನನ್ ಮೇಲೆ ಕ್ವಾಪ ಇತ್ತಾ?" ಎಂದು ಕೇಳಿದಳು ಭಾನು.

"ಇತ್ತು. ಇಲ್ಲ ಅಂತ ಯಾಕೆ ಹೇಳ್ಲಿ? ತೋರ್ಸಿಕೊಟ್ಟೆ, ಆಮೇಲೆ ಹಗ್ಗದ ಹಿಂದೆ ಹೋಗು ಅಂದ್ರು. ಮನೆಗೋಗಿ ಅತ್ತೆ. ಒಂದ್ ನಾಕು ದಿನ ಇತ್ತು ಕ್ವಾಪ. ಆಮೇಲೆ ಅಮ್ಮೀಗೆ ಹುಷಾರು ತಪ್ತು. ಮನೆ ಕೆಲ್ಸ ಎಲ್ಲಾ ನನ್ ಮೇಲೆ ಬಿತ್ತು. ಕ್ವಾಪ ಮಾಡ್ಕಳಕ್ಕೂ ಪುರುಸೊತ್ತಿರ್ಲಿಲ್ಲ ಕಣೇ."

"ಅಮ್ಮೀಗೆ ಹುಷಾರಿಲ್ಲ ಅಂತ ನಂಗ್ಯಾರೂ ಹೇಳ್ಲಿಲ್ಲ."

"ನೀನೂ ಕೇಳ್ಲಿಲ್ಲ."

ಬೈಯುವ ಹಾಗೆ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಭಾನುವಿಗೆ. ಜೈನಬ್ ಎರಡು ವರ್ಷ ಮಲಗಿದ್ದು ಹೋದಳಂತೆ. ನಜೀರರು ಬೊಂಬೆ ಬಿಟ್ಟು ರಾಮನಗರಕ್ಕೆ ಬಂದು, ಇಲ್ಲೇ ಕೂಲಿ ಮಾಡಿ, ಇಲ್ಲೇ ತೀರಿಕೊಂಡರಂತೆ. ಸುಹಾನಾಳ ಗಂಡ ನಿಯಾಜ್ ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ಮುನ್ನೀ ಎಂಬ ಮಗಳಿದ್ದಾಳೆ, ಒಂಬತ್ತನೇ ಕ್ಲಾಸು.

"ಪಿಚ್ಚರ್ ನೋಡಿದ್ಯಾ?"

"ಆವಾಗ ನೋಡ್ಲಿಲ್ಲ. ಮೊನ್ನೆ ಮುನ್ನೀ ಫೋನಲ್ಲಿ ಹಾಕಂಡು ಕೂತಿದ್ಲು. 'ಅಮ್ಮೀ, ಈ ಹುಡ್ಗಿ ಎಷ್ಟು ಒಳ್ಳೇವ್ಳು ನೋಡು' ಅಂತ, ಆ ಬೆಂಗ್ಳೂರವ್ಳನ್ನ ತೋರ್ಸುದ್ಲು. ಹೂಂ ಬೇಟಾ, ಒಳ್ಳೇವ್ಳು ಅಂದೆ." ಸುಹಾನಾ ನಕ್ಕಳು. ನಗು ಕೆಮ್ಮಾಯಿತು. "ಹೇಳಾಣ ಅನ್ನುಸ್ತು, ಅದು ನಾನು ಅಂತ. ಹೇಳುದ್ರೆ ನಂಬ್ತಾಳಾ? ಸುಮ್ನಾದೆ."

ಭಾನುವಿನ ಕಣ್ಣು ತುಂಬಿತು. ಸುಹಾನಾ ನೋಡಿಯೂ ಸಮಾಧಾನ ಮಾಡಲಿಲ್ಲ. ತನ್ನ ಬೆರಳ ಸೀಳನ್ನು ನೋಡಿಕೊಳ್ಳುತ್ತ ಕೂತಳು. ಅಷ್ಟರಲ್ಲಿ ಭಾನುವಿನ ಫೋನು ಬಡಿದುಕೊಂಡಿತು. ಬೆಂಗಳೂರಿನವಳು; ಲತಾಮಣಿಯಿಂದ ನಂಬರ್ ತೆಗೆದುಕೊಂಡಿದ್ದಳು. ನಿಜವಾದ ಗೆಳತಿ ಸಿಕ್ಕಿದ್ದರೆ ಟಿವಿಯವರೊಡನೆ ಬಂದು ಇಬ್ಬರನ್ನೂ ಮಾತಾಡಿಸಬಹುದೇ ಎಂದು ಕೇಳಿದಳು. ಭಾನು ಫೋನಿಗೆ ಕೈ ಅಡ್ಡ ಹಿಡಿದು ಸುಹಾನಾಳ ಮುಖ ನೋಡಿದಳು.

"ಕ್ಯಾಮೆರಾ ಬ್ಯಾಡ ಕಣೇ," ಎಂದಳು ಸುಹಾನಾ. "ಆವಾಗ ಬೇಕಿತ್ತು. ಈಗ ಬಂದು ಈ ಕೈ ತೋರುಸ್ತಾರೆ, ಹಿಂದೆ ಅಳೋ ಪೀಪಿ ಊದುಸ್ತಾರೆ. ಮುನ್ನೀ ಸ್ಕೂಲಲ್ಲಿ ಎಲ್ರೂ ನೋಡ್ತಾರೆ. ಬ್ಯಾಡ."

"ಬೇಡವಂತೆ," ಎಂದಳು ಭಾನು ಫೋನಿಗೆ. ಸುಹಾನಾ ಸೆರಗಿನಲ್ಲಿ ಮುಖ ಒರೆಸಿಕೊಂಡು, ತೊಟ್ಟಿಯ ನೀರು ಆರಿಹೋಗುತ್ತದೆ ಎಂದು ಎದ್ದಳು. ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಶುಕ್ರವಾರ ನಮಗೆ ರಜ. ನಿಮ್ಮಮ್ಮ ಇನ್ನೂ ಆ ಸೊಪ್ಪಿನ ಸಾರು ಮಾಡ್ತಾರಾ?"

"ಮಾಡ್ತದೆ. ಬಾ."

"ನೋಡನ," ಎಂದು ಒಳಗೆ ಹೋದಳು.

ಆ ಶುಕ್ರವಾರ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಲತಾಮಣಿ ಮೇಡಂ ಸುಮಾರು ದಿನ ಭಾನುವಿನೊಡನೆ ನೆಟ್ಟಗೆ ಮಾತಾಡಲಿಲ್ಲ, ಸ್ಟೇಜಿನ ಮೇಲೆ ತಮಗೆ ಅವಮಾನವಾಯಿತಂತೆ. ಊರಿನವರು ಪುಟ್ಟಿ ಎಂದೇ ಕರೆಯುತ್ತಿದ್ದರು, ಮಕ್ಕಳು ಅಳತೆಪಟ್ಟಿಯ ಮುಂದೆ ಕುಂತುಬಿಡುತ್ತಿದ್ದವು. ಸುಹಾನಾ ಬರುವುದಿಲ್ಲ ಎಂದು ಭಾನು ತನಗೆ ತಾನೇ ಹೇಳಿಕೊಂಡಳು. ಆದರೆ ಈ ಸಲ ಸುಮ್ಮನೆ ಕೂರಲಿಲ್ಲ. ಜಬ್ಬಾರನಿಂದ ನಂಬರ್ ತೆಗೆದುಕೊಂಡು ವಾರಕ್ಕೊಂದು ಸಲ ಫೋನ್ ಮಾಡಿದಳು. ಕೈ ಹೇಗಿದೆ, ಕೆಮ್ಮು ಹೇಗಿದೆ, ಮುನ್ನೀ ಪರೀಕ್ಷೆ ಹೇಗೆ ಮಾಡಿದಳು, ಎಂದು ಕೇಳಿದಳು. ಎರಡೇ ನಿಮಿಷ, ಇಬ್ಬರಿಗೂ ಹೆಚ್ಚು ಮಾತಾಡಲು ಏನೂ ಇರುತ್ತಿರಲಿಲ್ಲ.

ಮಾರ್ಚಿನ ಒಂದು ಶುಕ್ರವಾರ, ಭಾನು ಮಂಡಿ ನೋವೆಂದು ರಜ ಹಾಕಿ ಮನೆಯಲ್ಲಿದ್ದಾಗ, ಮಧ್ಯಾಹ್ನದ ಬಸ್ಸಿನಿಂದ ಸುಹಾನಾ ಇಳಿದಳು. ಬುರ್ಖಾ ತೆಗೆದು ಗೂಟಕ್ಕೆ ಹಾಕಿ, ಕೈಕಾಲು ತೊಳೆದು, ಅಡುಗೆಮನೆಯಲ್ಲೇ ಕೂತಳು. ಕೆಂಚಮ್ಮ ಅವಳ ಗಲ್ಲ ಹಿಡಿದು ನೋಡಿ, "ಏನ್ ಇಳುದೋಗಿದ್ದೀಯೆ ಮಗಳೆ," ಎಂದು ಮುದ್ದೆ ಇಕ್ಕಿದಳು. ಸುಹಾನಾ ಪೂರ್ತಿ ಉಂಡಳು. ಇನ್ನೊಂದು ಅರ್ಧ ಹಾಕಿಸಿಕೊಂಡಳು. ಮುದ್ದೆ ಮುರಿಯುವಾಗ ಬೆರಳು ಉರಿದು ಒಂದೊಂದು ಸಲ ಮುಖ ಕಿವುಚುತ್ತಿದ್ದಳು. ಕೆಂಚಮ್ಮ ಹರಳೆಣ್ಣೆ ಬಿಸಿ ಮಾಡಿ ತಂದಿಟ್ಟಳು.

ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿದರು. ಭಾನು ಗೋಡೆಗೊರಗಿ ಕಾಲು ಚಾಚಿ, ಗೆಳತಿಯ ಬೆರಳಿಗೆ ಒಂದೊಂದಾಗಿ ಎಣ್ಣೆ ಹಚ್ಚಿದಳು. ಹೇಳಬೇಕೆಂದುಕೊಂಡ ಮಾತುಗಳು ಬಹಳ ಇದ್ದವು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸುತ್ತಿರುವಾಗಲೇ ಸುಹಾನಾಳ ಕೈ ಭಾರವಾಯಿತು. ನೋಡಿದರೆ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಭಾನು ಎಣ್ಣೆಯ ಬಟ್ಟಲನ್ನು ಆಚೆ ಸರಿಸಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಮಲಗಿದಳು.

ಹಿತ್ತಲಿನಿಂದ ಬಂದ ಕೆಂಚಮ್ಮ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. "ಮಾತಾಡಕ್ಕೆ ಸೇರವ್ರೆ ಅಂದ್ಕಂಡ್ರೆ," ಎಂದು ಗೊಣಗಿ, ಬಿಸಿಲು ಮುಖಕ್ಕೆ ಬೀಳದಂತೆ ಬಾಗಿಲನ್ನು ಅರ್ಧ ಮುಂದೆ ಮಾಡಿ, ಕುರಿಗೆ ನೀರಿಡಲು ಹೋದಳು.